ದೋಣಿ ದಡ ಸೇರಿದಾಗ ಶುರು ಮಾಡಿ: ವೃತ್ತಿಯಲ್ಲಿ ಬೆಳೆಯಲು ಮಳೆಗಾಲದ ಒಂದು ಅಭ್ಯಾಸ

ಜೂನ್ ಮೊದಲ ವಾರದಲ್ಲಿ ಕಾರವಾರದ ಬೈತಖೋಲ ಬಂದರಿಗೆ ಒಂದು ಸುತ್ತು ಹೋಗಿ ಬನ್ನಿ. ಯಾಂತ್ರೀಕೃತ ದೋಣಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಅವು ಮೀನು ಹಿಡಿಯಲು ಹೋಗುವಂತಿಲ್ಲ. ಮೀನು ಸಂತಾನ ಬೆಳೆಸುವ ಕಾಲ ಅದು, ಕಡಲೂ ಉಕ್ಕೇರಿರುತ್ತದೆ. ಆದರೆ ಟಾರ್ಪಾಲಿನ ಕೆಳಗೆ ಕೆಲಸ ನಡೆದೇ ಇರುತ್ತದೆ. ಒಬ್ಬರು ಬಲೆಯನ್ನು ಮೊಣಕಾಲಿನ ಮೇಲೆ ಹರಡಿಕೊಂಡು ಕುಳಿತಿರುತ್ತಾರೆ. ಹರಿದ ಜಾಗದ ಅಂಚನ್ನು ಮೊದಲು ಚಾಕುವಿನಿಂದ ಕತ್ತರಿಸಿ ಸರಿಮಾಡಿಕೊಳ್ಳುತ್ತಾರೆ. ಹರಿದದ್ದನ್ನು ಮತ್ತಷ್ಟು ಕತ್ತರಿಸುತ್ತಾರಲ್ಲ ಎಂದು ಮೊದಲ ಸಲ ನೋಡಿದಾಗ ನನಗೆ ಅಚ್ಚರಿಯಾಗಿತ್ತು. ಆಮೇಲೆ ದಾರ ಸುತ್ತಿದ ಸೂಜಿ ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿಗೆ ಸಾಗುತ್ತದೆ. ಕಣ್ಣಿಗೊಂದು ಗಂಟು. ಗಂಟನ್ನು ಒಮ್ಮೆ ಬಿಗಿಯಾಗಿ ಎಳೆದು ನೋಡುತ್ತಾರೆ, ನಂತರವೇ ಮುಂದಿನ ಕಣ್ಣು. ಆಗಸ್ಟ್‌ನಲ್ಲಿ ನಡುಗಡಲಿನಲ್ಲಿ ಬಲೆ ಬಿಟ್ಟ ಮೇಲೆ ತೂತು ಕಂಡರೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ನಾನು ಘಟ್ಟದ ಮೇಲಿನವಳು. ಶಿರಸಿ ಸೀಮೆಯ ಒಂದು ಅಡಿಕೆ ತೋಟದ ಮನೆಯಲ್ಲಿ ಬೆಳೆದು, ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಕಾರವಾರಕ್ಕೆ ಬಂದು, ಇಲ್ಲಿಯ ಒಂದು ಪತ್ತಿನ ಸಹಕಾರಿ ಸಂಘದಲ್ಲಿ 22 ವರ್ಷಗಳಿಂದ ದುಡಿಯುತ್ತಿದ್ದೇನೆ. ಕೌಂಟರಿನಲ್ಲಿ ಹಣ ಎಣಿಸುವ ಕೆಲಸದಿಂದ ಆರಂಭಿಸಿ ಈಗ ಲೆಕ್ಕಪತ್ರ ವಿಭಾಗವನ್ನು ನೋಡಿಕೊಳ್ಳುತ್ತೇನೆ. ಹೊಸದಾಗಿ ಸೇರಿದ ಹುಡುಗ ಹುಡುಗಿಯರು ನನ್ನ ಬಳಿ ಬಂದು, "ಮೇಡಂ, ಮುಂದೆ ಬರಲು ಏನು ಮಾಡಬೇಕು?" ಎಂದು ಕೇಳುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ನನಗೆ ಇದು ಸುಲಭವಾಗಿ ತಿಳಿದದ್ದಲ್ಲ. ಕೆಲಸಕ್ಕೆ ಸೇರಿ ಆರನೆಯ ವರ್ಷ ಹಿರಿಯ ಲೆಕ್ಕಿಗರು ನಿವೃತ್ತರಾದರು. ಆ ಜಾಗ ನನಗೆ ಸಿಗುತ್ತದೆಂದು ನಂಬಿದ್ದೆ. ಸಿಕ್ಕಿದ್ದು ನನಗಿಂತ ಎರಡು ವರ್ಷ ತಡವಾಗಿ ಸೇರಿದವರಿಗೆ. ಒಂದು ತಿಂಗಳು ಯಾರೊಡನೆಯೂ ನೆಟ್ಟಗೆ ಮಾತನಾಡಲಿಲ್ಲ. ನಿಜ ಹೇಳಬೇಕೆಂದರೆ, ಅವರಿಗೆ ತೇರೀಜು (ಎಲ್ಲ ಖಾತೆಗಳ ಎರಡೂ ಬದಿಯ ಮೊತ್ತವನ್ನು ತಾಳೆ ನೋಡುವ ಪಟ್ಟಿ) ತೆಗೆಯಲು, ಅಢಾವೆ ಪತ್ರಿಕೆ (ಆಸ್ತಿ, ಹೊಣೆಗಳ ಪಟ್ಟಿ) ಸಿದ್ಧಪಡಿಸಲು ಬರುತ್ತಿತ್ತು, ನನಗೆ ಬರುತ್ತಿರಲಿಲ್ಲ. ಆ ಜಾಗಕ್ಕೆ ಬಂದ ಮೇಲೆ ಕಲಿತರಾಯಿತು ಎಂದುಕೊಂಡಿದ್ದೆ.

ಆ ಮೇ ತಿಂಗಳ ಕೊನೆಯಲ್ಲಿ ಊರಿಗೆ ಹೋದಾಗ ಅಪ್ಪಯ್ಯ ತೋಟಕ್ಕೆ ಕೊಳೆ ಔಷಧಿ ಹೊಡೆಸುವ ತಯಾರಿಯಲ್ಲಿದ್ದರು. ಮಳೆಯ ಸುಳಿವಿರಲಿಲ್ಲ, ಮರದಲ್ಲಿ ರೋಗವೂ ಇರಲಿಲ್ಲ. "ಏನೂ ಆಗದ ಮರಕ್ಕೆ ಔಷಧಿ ಏಕೆ?" ಎಂದು ಸುಮ್ಮನೆ ಕೇಳಿದೆ. ಅಪ್ಪಯ್ಯ ತಲೆಯೆತ್ತದೆ ಹೇಳಿದರು: "ಕೊಳೆ ಕಂಡ ಮೇಲೆ ಹೊಡೆದರೆ ಬಿದ್ದ ಕಾಯಿ ಮರ ಹತ್ತುವುದಿಲ್ಲ, ತಂಗೀ." ಅವರು ಹೇಳಿದ್ದು ತೋಟದ ಮಾತನ್ನೇ. ನಾನು ಕೇಳಿಸಿಕೊಂಡದ್ದು ಮಾತ್ರ ನನ್ನ ಆರು ವರ್ಷಗಳ ಲೆಕ್ಕವನ್ನು. ಕಾರವಾರಕ್ಕೆ ಮರಳಿದ ವಾರವೇ, ಜೂನ್ 1ರಂದು, ಒಂದು ನೂರು ಪುಟದ ನೋಟ್‌ಬುಕ್ ತಂದೆ.

ಮೊದಲು ಒಂದೇ ಕೆಲಸವನ್ನು ಆರಿಸಿ

ಇಂಗ್ಲಿಷ್ ಕಲಿಯಬೇಕು, ಬೆಳಿಗ್ಗೆ ಐದಕ್ಕೆ ಏಳಬೇಕು, ದಿನಾ ನಡೆಯಬೇಕು, ಕಂಪ್ಯೂಟರ್ ಕಲಿಯಬೇಕು, ಸಿಟ್ಟು ಬಿಡಬೇಕು ಎಂದು ಯುಗಾದಿಗೆ ಪಟ್ಟಿ ಬರೆದವರನ್ನು ಬಹಳ ಮಂದಿ ಕಂಡಿದ್ದೇನೆ. ಆ ಪಟ್ಟಿ ಅಕ್ಷಯ ತದಿಗೆಯವರೆಗೂ ಬಾಳುವುದಿಲ್ಲ. ಎರಡು ತಿಂಗಳಿಗೆ ಒಂದೇ ಕೆಲಸ ಸಾಕು.

ಅದನ್ನು ಆರಿಸುವುದು ಹೀಗೆ. ನಿಮಗಿಂತ ಒಂದು ಮೆಟ್ಟಿಲು ಮೇಲಿರುವ ಹುದ್ದೆಯನ್ನು ಕಾಗದದ ಮೇಲೆ ಬರೆಯಿರಿ. ಆ ಕುರ್ಚಿಯಲ್ಲಿ ಕುಳಿತವರು ವಾರದಲ್ಲಿ ಮಾಡುವ, ನಿಮಗೆ ಬಾರದ ಮೂರು ಕೆಲಸಗಳನ್ನು ಅದರ ಕೆಳಗೆ ಬರೆಯಿರಿ. ಹೊಳೆಯದಿದ್ದರೆ ಎರಡು ದಿನ ಸುಮ್ಮನೆ ಗಮನಿಸಿ. ಮೂರರಲ್ಲಿ ಯಾವುದನ್ನು ನಾಳೆಯೇ, ಯಾರ ಅಪ್ಪಣೆಗೂ ಕಾಯದೆ, ಚೂರುಚೂರಾಗಿ ಅಭ್ಯಾಸ ಮಾಡಬಹುದೋ ಅದೇ ನಿಮ್ಮದು.

ಶಿರಸಿಯ ಅಡಿಕೆ ವಖಾರಿಯಲ್ಲಿ ತೂಕ ಬರೆಯುವ ಹುಡುಗನಿಗೆ ಅದು ರಾಶಿ, ಬೆಟ್ಟೆ, ಚಾಲಿಯ ಗುಣಮಟ್ಟವನ್ನು ಕೈಯಲ್ಲಿ ಹಿಡಿದು, ಒಡೆದು ಗುರುತಿಸುವುದಿರಬಹುದು. ಆ ದಿನದ ಟೆಂಡರಿನಲ್ಲಿ ಯಾವ ಲಾಟಿಗೆ ಏನು ದರ ಬಿತ್ತು ಎಂದು ಮೊದಲೇ ಊಹಿಸಿ ಬರೆದು, ಸಂಜೆ ಹೋಲಿಸಿ ನೋಡಬಹುದು. ಗೋಕರ್ಣದ ವಸತಿಗೃಹದಲ್ಲಿ ಸ್ವಾಗತ ಮೇಜಿನಲ್ಲಿ ಕೂರುವವರಿಗೆ, ಅತಿಥಿಗಳ ಇಂಗ್ಲಿಷ್ ಇ-ಮೇಲ್‌ಗಳಿಗೆ ತಾವೇ ಉತ್ತರ ಬರೆಯುವುದು. ರಸ್ತೆ, ಸೇತುವೆ ಕಾಮಗಾರಿಯ ಮೇಲ್ವಿಚಾರಕರಿಗೆ ಅಳತೆ ಪುಸ್ತಕ ತಪ್ಪಿಲ್ಲದೆ ತುಂಬುವುದು. ಸರ್ಕಾರಿ ಕಚೇರಿಯ ದ್ವಿತೀಯ ದರ್ಜೆ ಸಹಾಯಕರಿಗೆ ಉತ್ತರ ಇನ್ನೂ ಸ್ಪಷ್ಟ: ಲೋಕಸೇವಾ ಆಯೋಗ ನಡೆಸುವ ಇಲಾಖಾ ಪರೀಕ್ಷೆಗಳಲ್ಲಿ ನಿಮಗೆ ಉಳಿದಿರುವ ಒಂದು ವಿಷಯ. ಸೇವೆಯಲ್ಲಿ ಹಿರಿತನವಿದ್ದರೂ ಪರೀಕ್ಷೆ ಉಳಿಸಿಕೊಂಡು ಬಡ್ತಿ ತಪ್ಪಿಸಿಕೊಂಡವರ ಸಂಕಟವನ್ನು ಹತ್ತಿರದಿಂದ ನೋಡಿದ್ದೇನೆ. ಅದು ನಿಮಗೆ ಬೇಡ.

ನಾನು ಆರಿಸಿಕೊಂಡದ್ದು ತೇರೀಜು. ಲೆಕ್ಕ ಪರಿಶೋಧನೆ ಮುಗಿದಿದ್ದ ಹಳೆಯ ವರ್ಷದ ಕಿರ್ದಿಯನ್ನು, ಅಂದರೆ ದಿನದಿನದ ಲೆಕ್ಕದ ಪುಸ್ತಕವನ್ನು, ಕಚೇರಿಯಲ್ಲಿಯೇ ಕುಳಿತು ನೋಡಲು ಅನುಮತಿ ಕೇಳಿದೆ. ಊಟದ ಬಿಡುವಿನಲ್ಲಿ ಹೆಸರುಗಳನ್ನು ಬಿಟ್ಟು ಒಂದು ದಿನದ ಅಂಕಿಗಳನ್ನಷ್ಟೇ ಬರೆದುಕೊಳ್ಳುವುದು, ಸಂಜೆ ಮನೆಯಲ್ಲಿ ಅವನ್ನು ಖತಾವಣಿಗೆ (ಖಾತೆವಾರು ಪುಸ್ತಕಕ್ಕೆ) ಏರಿಸುವುದು, ಮರುದಿನ ಅಸಲು ಪುಸ್ತಕದೊಡನೆ ತಾಳೆ ನೋಡುವುದು. ದಿನಕ್ಕೆ ಒಂದು ಪುಟ, ಅಷ್ಟೇ.

ಕೋರ್ಸ್ ಸೇರಬೇಕೆನ್ನುವವರಿಗೆ ಒಂದು ಮಾತು. ಕೇಂದ್ರ ಸರ್ಕಾರದ ಸ್ವಯಂ ಜಾಲತಾಣದಲ್ಲಿ ಪಾಠಗಳು ಉಚಿತ. ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಅಲ್ಲಿಯೂ, ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದಲ್ಲಿಯೂ ಜನವರಿ ಮತ್ತು ಜುಲೈ ಎಂದು ವರ್ಷಕ್ಕೆ ಎರಡು ಅವಧಿಗಳಿವೆ. ಜುಲೈ ಅವಧಿ ನಮ್ಮ ಮಳೆಗಾಲಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ಒಂದಕ್ಕೆ ಮಾತ್ರ ಹೆಸರು ಕೊಡಿ.

ಹೊಸ ಅಭ್ಯಾಸಕ್ಕೆ ಹಳೆಯ ಗೂಟ

ಹೊಸ ಕರುವನ್ನು ಕೊಟ್ಟಿಗೆಯ ಹಳೆಯ ಗೂಟಕ್ಕೆ ಕಟ್ಟುವ ಹಾಗೆ, ಹೊಸ ಅಭ್ಯಾಸವನ್ನು ನೀವು ಈಗಾಗಲೇ ದಿನವೂ ತಪ್ಪದೆ ಮಾಡುವ ಕೆಲಸಕ್ಕೆ ಕಟ್ಟಬೇಕು. "ಬಿಡುವಾದಾಗ ಓದುತ್ತೇನೆ" ಎನ್ನುವುದು ಗೂಟವಿಲ್ಲದ ಹಗ್ಗ. ಯಾವಾಗ, ಎಲ್ಲಿ, ಏನನ್ನು ಎಂದು ಮೊದಲೇ ಗೊತ್ತುಮಾಡಿಕೊಂಡವರು ಕೆಲಸವನ್ನು ಪೂರೈಸುವುದು ಹೆಚ್ಚು ಎಂದು ಮನಶ್ಶಾಸ್ತ್ರದ ಪ್ರಯೋಗಗಳೂ ತೋರಿಸಿವೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಈ ಮೂರೂ ಇರುವ ಒಂದು ವಾಕ್ಯ ಬರೆಯಿರಿ. ನನ್ನದು ಹೀಗಿತ್ತು: "ಸಂಜೆಯ ಚಹಾ ಲೋಟ ತೊಳೆದಿಟ್ಟ ಕೂಡಲೇ, ಕಿಟಕಿ ಪಕ್ಕದ ಮೇಜಿನಲ್ಲಿ, ಒಂದು ಪುಟ ಖತಾವಣಿ."

ಹೆಣ್ಣುಮಕ್ಕಳಿಗೆ ವಿಶೇಷವಾಗಿ ಹೇಳಬೇಕು. ಮನೆಗೆಲಸ ಮುಗಿದ ಮೇಲೆ ಕೂರುತ್ತೇನೆಂದುಕೊಳ್ಳಬೇಡಿ. ಮನೆಗೆಲಸ ಮುಗಿಯುವ ವಸ್ತುವಲ್ಲ. ಅಡುಗೆಗೆ ಒಲೆ ಹಚ್ಚುವ ಮೊದಲೇ ಆ ಇಪ್ಪತ್ತು ನಿಮಿಷವನ್ನು ತೆಗೆದುಕೊಳ್ಳಿ, ಮನೆಯವರಿಗೆ ಬಾಯಿಬಿಟ್ಟು ಹೇಳಿ. ನಾನು ಹೇಳಲು ಹಿಂಜರಿದು ಮೊದಲ ವಾರದಲ್ಲಿ ನಾಲ್ಕು ಸಂಜೆ ಕಳೆದುಕೊಂಡೆ. ಐದನೆಯ ದಿನ ಅತ್ತೆಯವರೇ ಅಡುಗೆಮನೆಯಿಂದ, "ಕುಕ್ಕರ್ ನಾನು ನೋಡಿಕೊಳ್ಳುತ್ತೇನೆ, ನೀನು ಬರೆದುಕೊ" ಎಂದರು. ಕೇಳದೇ ಇದ್ದದ್ದು ನಾನು, ಅವರು ಬೇಡವೆಂದಿರಲಿಲ್ಲ.

ಅಂಕೋಲಾ, ಕುಮಟಾ ಕಡೆಯಿಂದ ದಿನವೂ ಬಸ್ಸಿನಲ್ಲಿ ಬರುವವರಿಗೆ ಪ್ರಯಾಣವೇ ಗೂಟ. ಹೆದ್ದಾರಿಯಲ್ಲಿ ಓದಬಹುದು. ಘಟ್ಟದ ದಾರಿಯಾದರೆ ಪುಸ್ತಕ ಹಿಡಿಯಬೇಡಿ, ತಿರುವುಗಳಲ್ಲಿ ತಲೆ ಸುತ್ತುತ್ತದೆ; ಪಾಠವನ್ನು ಮೊಬೈಲಿಗೆ ಇಳಿಸಿಕೊಂಡು ಕಿವಿಯಲ್ಲಿ ಕೇಳಿ. ಇಳಿದ ಮೇಲೆ, ಕಚೇರಿಯ ಬಾಗಿಲು ದಾಟುವ ಮೊದಲು, ಕೇಳಿದ್ದರಲ್ಲಿ ನೆನಪಿರುವ ಎರಡು ಸಂಗತಿಗಳನ್ನು ಬರೆದುಕೊಳ್ಳಿ. ಬರೆಯದಿದ್ದರೆ ಕೇಳಿದ್ದು ಬಸ್ಸಿನಲ್ಲಿಯೇ ಉಳಿಯುತ್ತದೆ.

ಕರೆಂಟು, ನೆಟ್‌ವರ್ಕ್, ಮೊಬೈಲ್

ನಮ್ಮ ಜಿಲ್ಲೆಯ ಮಳೆಗಾಲದಲ್ಲಿ ಕರೆಂಟು ಹೋಗುವುದು, ಅದರ ಹಿಂದೆಯೇ ನೆಟ್‌ವರ್ಕ್ ಹೋಗುವುದು ಹೊಸತಲ್ಲ. ಆದ್ದರಿಂದ ಅಭ್ಯಾಸ ಕಾಗದದ ಮೇಲೆ ನಡೆಯುವಂತಿರಲಿ. ವಾರದ ಪಾಠಗಳನ್ನು ಭಾನುವಾರವೇ ಇಳಿಸಿಟ್ಟುಕೊಳ್ಳಿ. ಚಾರ್ಜ್ ಆದ ಒಂದು ದೀಪ ಮೇಜಿನ ಮೇಲಿರಲಿ, ನೋಟ್‌ಬುಕ್ಕಿಗೆ ಪ್ಲಾಸ್ಟಿಕ್ ಹೊದಿಕೆ ಇರಲಿ, ಇಲ್ಲದಿದ್ದರೆ ಜುಲೈ ಹೊತ್ತಿಗೆ ಹಾಳೆ ತೇವ ಕುಡಿದು ಪೆನ್ನು ಓಡುವುದಿಲ್ಲ. ಮೊಬೈಲ್ ಇನ್ನೊಂದು ಕೋಣೆಯಲ್ಲಿರಲಿ. ಮಗುಚಿಟ್ಟರೆ ಸಾಕು ಎಂದುಕೊಂಡು ನಾನು ಮೋಸಹೋಗಿದ್ದೇನೆ.

ಸಂಜೆಯ ನಾಲ್ಕು ಸಾಲು

ಇಡೀ ಲೇಖನದಲ್ಲಿ ಒಂದೇ ಸಂಗತಿಯನ್ನು ಉಳಿಸಿಕೊಳ್ಳಿ ಎಂದರೆ ಇದನ್ನು ಉಳಿಸಿಕೊಳ್ಳಿ ಎನ್ನುತ್ತೇನೆ.

ಸಹಕಾರಿ ಸಂಘದ ಕಿರ್ದಿಯನ್ನು ನೋಡಿದವರಿಗೆ ಗೊತ್ತು: ದಿನ ಆರಂಭ ಶಿಲ್ಕಿನಿಂದ (ಹಿಂದಿನ ದಿನ ಕೈಯಲ್ಲಿ ಉಳಿದ ಹಣದಿಂದ) ತೆರೆದುಕೊಳ್ಳುತ್ತದೆ, ಜಮಾ ಒಂದು ಬದಿ, ಖರ್ಚು ಒಂದು ಬದಿ, ಅಖೇರಿ ಶಿಲ್ಕು ಬರೆದು ಸಹಿ ಹಾಕಿದ ಮೇಲೆಯೇ ದಿನ ಮುಗಿದಂತೆ. ಇಂದಿನ ಅಖೇರಿ ಶಿಲ್ಕೇ ನಾಳೆಯ ಆರಂಭ ಶಿಲ್ಕು. ಹಣದ ಲೆಕ್ಕವನ್ನು ಇಷ್ಟು ಜತನದಿಂದ ಇಡುವ ನಾವು ನಮ್ಮ ಕಲಿಕೆಗೆ ಏಕೆ ಇಡಬಾರದು ಎನ್ನಿಸಿ ಅದೇ ನಾಲ್ಕು ತಲೆಬರಹಗಳನ್ನು ನನ್ನ ನೋಟ್‌ಬುಕ್ಕಿಗೂ ತಂದೆ. ಮೊದಲ ವರ್ಷದ ಪುಸ್ತಕದ ಒಂದು ಪುಟ ಇಲ್ಲಿದೆ:

ಆರಂಭ ಶಿಲ್ಕು: ತೇರೀಜಿನಲ್ಲಿ 270 ರೂಪಾಯಿ ತಾಳೆಯಾಗುತ್ತಿಲ್ಲ. ಇಂದಿಗೆ ಮೂರು ದಿನ.
ಜಮಾ: ವ್ಯತ್ಯಾಸ 9ರಿಂದ ಭಾಗವಾಗುತ್ತಿದ್ದರೆ ಅಂಕಿಗಳು ಅದಲುಬದಲಾಗಿರಬಹುದು. ಹುಡುಕಿದೆ. 630 ಇದ್ದದ್ದನ್ನು 360 ಎಂದು ಏರಿಸಿದ್ದೆ.
ಖರ್ಚು: 35 ನಿಮಿಷ. ಅದರಲ್ಲಿ 15 ನಿಮಿಷ ಫೋನಿನ ಮಾತಿಗೆ.
ಅಖೇರಿ ಶಿಲ್ಕು: ನಾಳೆ ಠೇವಣಿ ಬಡ್ಡಿಯ ಖಾತೆಯಿಂದ ಶುರು.

ಜಮಾ ಸಾಲಿನಲ್ಲಿ "ತೇರೀಜು ಓದಿದೆ" ಎಂದು ಬರೆಯಬೇಡಿ. ಓದಿದ್ದರಿಂದ ಏನು ತಿಳಿಯಿತು, ಇಲ್ಲವೇ ಏನನ್ನು ಮಾಡಲು ಬಂತು ಎಂದು ಬರೆಯಿರಿ. ಬರೆಯಲು ಏನೂ ಹೊಳೆಯದಿದ್ದರೆ ಆ ದಿನ ಕಣ್ಣು ಮಾತ್ರ ಓದಿದೆ ಎಂದರ್ಥ. ಖರ್ಚಿನ ಸಾಲಿನಲ್ಲಿ ಹೊತ್ತು ಎಲ್ಲಿ ಹೋಯಿತೆಂದು ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಈ ಪುಸ್ತಕವನ್ನು ಯಾರೂ ಪರಿಶೋಧನೆ ಮಾಡುವುದಿಲ್ಲ. ಅಖೇರಿ ಶಿಲ್ಕಿನ ಸಾಲು ಎಲ್ಲಕ್ಕಿಂತ ಬೆಲೆಯುಳ್ಳದ್ದು. ನಾಳೆ ದಣಿದು ಬಂದು ಮೇಜಿನ ಮುಂದೆ ಕುಳಿತಾಗ "ಇವತ್ತು ಎಲ್ಲಿಂದ ಶುರು ಮಾಡಲಿ" ಎಂಬ ಯೋಚನೆಯೇ ಹತ್ತು ನಿಮಿಷ ತಿನ್ನುತ್ತದೆ, ಕೆಲವೊಮ್ಮೆ ಇಡೀ ಸಂಜೆಯನ್ನೇ ನುಂಗುತ್ತದೆ. ನಿನ್ನೆಯ ನೀವು ಅದನ್ನು ಬರೆದಿಟ್ಟಿದ್ದರೆ ಪೆನ್ನು ತಾನಾಗಿ ಓಡುತ್ತದೆ.

ಹದಿನೈದು ದಿನಕ್ಕೊಮ್ಮೆ ಪರೀಕ್ಷೆ ಬೇಕು. ಅಪ್ಪಯ್ಯ ಕೊಳೆ ಔಷಧಿಯಾದ ಬೋರ್ಡೋ ದ್ರಾವಣ ಕಲಸುವಾಗ ಮಾಡುತ್ತಿದ್ದುದನ್ನು ಹೇಳುತ್ತೇನೆ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, ಒಟ್ಟು 100 ಲೀಟರ್ ನೀರು. ಮೈಲುತುತ್ತಿನ ನೀಲಿ ನೀರನ್ನು ಸುಣ್ಣದ ತಿಳಿಗೆ ಸುರಿಯುತ್ತ ಕೋಲಿನಿಂದ ತಿರುವುತ್ತಿದ್ದರು. ಬಣ್ಣ ತಿಳಿನೀಲಿಗೆ ತಿರುಗಿದ ಮೇಲೂ ಅವರಿಗೆ ನಂಬಿಕೆಯಿಲ್ಲ. ಚೆನ್ನಾಗಿ ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ಅದರಲ್ಲಿ ಅದ್ದಿ, ಸ್ವಲ್ಪ ಹೊತ್ತು ಹಿಡಿದು, ಹೊರತೆಗೆದು ಬೆಳಕಿಗೆ ತಿರುಗಿಸುತ್ತಿದ್ದರು. ಅಲಗಿನ ಮೇಲೆ ತಾಮ್ರದ ಕೆಂಪು ಕಂಡರೆ ಸುಣ್ಣ ಸಾಲದು ಎಂದರ್ಥ. ಮತ್ತಷ್ಟು ಸುಣ್ಣದ ತಿಳಿ ಹಾಕಿ ಪುನಃ ಚಾಕು ಅದ್ದುವುದು. ಅಲಗು ಬೆಳ್ಳಗೇ ಉಳಿದ ಮೇಲೆಯೇ ಔಷಧಿ ಹೊಡೆಯುವ ಕೊನೆಗೌಡ ಮರ ಹತ್ತಬೇಕು.

ಕಲಿಕೆಗೂ ಅಂಥ ಚಾಕು ಬೇಕು. ತಿಂಗಳಲ್ಲಿ ಎರಡು ಭಾನುವಾರ ಪುಸ್ತಕ ಮುಚ್ಚಿಟ್ಟು, ಯಾರನ್ನೂ ಕೇಳದೆ, ಆ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಮಾಡಿ. ಎಲ್ಲಿ ಕೈ ನಿಂತಿತೋ ಅಲ್ಲಿ ಕೆಂಪು ಕಂಡಿದೆ. ಮುಂದಿನ ವಾರದ ಅಭ್ಯಾಸ ಅಲ್ಲಿಗೇ. ಬಲೆಯ ಹರಿದ ಅಂಚನ್ನು ಕತ್ತರಿಸಿಕೊಳ್ಳುವುದೂ ಇದನ್ನೇ ಹೋಲುತ್ತದೆ: ಅರ್ಧ ತಿಳಿದದ್ದನ್ನು ತಿಳಿದಿದೆ ಎಂದು ಉಳಿಸಿಕೊಂಡರೆ ಹೊಸ ಗಂಟು ನಿಲ್ಲುವುದಿಲ್ಲ.

ತಪ್ಪಿದ ದಿನ

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯನ್ನು 12 ವಾರ ಗಮನಿಸಿ 2009ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಊಟದೊಡನೆ ಒಂದು ಹಣ್ಣು ತಿನ್ನುವುದು, ಸ್ವಲ್ಪ ವ್ಯಾಯಾಮ ಮಾಡುವುದು, ಇಂಥ ಸಣ್ಣ ಕೆಲಸವೊಂದನ್ನು ಪ್ರತಿಯೊಬ್ಬರೂ ದಿನವೂ ಒಂದೇ ಸಂದರ್ಭದಲ್ಲಿ ಮಾಡಬೇಕಿತ್ತು. ಯೋಚಿಸದೆಯೇ ಕೈ ಹೋಗುವಷ್ಟು ಅಭ್ಯಾಸವಾಗಲು ಹಿಡಿದ ಕಾಲ ಸುಮಾರು 66 ದಿನ. ಕೆಲವರಿಗೆ 18 ದಿನ ಸಾಕಾಯಿತು; ಇನ್ನು ಕೆಲವರ ಲೆಕ್ಕ 254 ದಿನಗಳವರೆಗೂ ಹೋಯಿತು. 21 ದಿನದಲ್ಲಿ ಅಭ್ಯಾಸ ಕುದುರುತ್ತದೆಂಬ ಮಾತನ್ನು ನಂಬಿ, ಇಪ್ಪತ್ತೆರಡನೆಯ ದಿನ ಬೇಸರವಾದಾಗ ತಮ್ಮನ್ನೇ ಹಳಿದುಕೊಂಡು ಬಿಟ್ಟುಬಿಡುವವರು ಇದನ್ನು ತಿಳಿದಿರಬೇಕು.

ಅದೇ ಅಧ್ಯಯನ ಇನ್ನೊಂದನ್ನೂ ಕಂಡುಕೊಂಡಿತು: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಹಾನಿಯಾಗುವುದಿಲ್ಲ. ಜ್ವರ, ಮದುವೆ, ಊರಿನಲ್ಲಿ ಯಾರದೋ ಸಾವು, ಇವೆಲ್ಲ ಬರುತ್ತವೆ. ತಪ್ಪಿದ ದಿನದ ಪುಟದಲ್ಲಿ ದಿನಾಂಕ ಹಾಕಿ "ಇಂದು ಇಲ್ಲ" ಎಂದು ಬರೆಯಿರಿ, ಮರುದಿನ ಐದೇ ನಿಮಿಷವಾದರೂ ಕೂರಿ. ತಪ್ಪಿದ್ದನ್ನು ತುಂಬಿಕೊಡಲು ಒಂದು ಗಂಟೆ ಹೆಚ್ಚು ಕೂರಬೇಡಿ. ಸಾಲ ತೀರಿಸುವ ಭಾವನೆ ಬಂದರೆ ಮೇಜು ಕಂಡರೇ ಬೇಸರವಾಗುತ್ತದೆ.

ಲೆಕ್ಕ ಹಾಕಿ ನೋಡಿ: ಜೂನ್ 1 ಮೊದಲ ದಿನವಾದರೆ 66ನೆಯ ದಿನ ಆಗಸ್ಟ್ 5. ದೋಣಿಗಳು ಮತ್ತೆ ಕಡಲಿಗಿಳಿದ ವಾರ. ಈ ಹೊಂದಾಣಿಕೆ ಆಕಸ್ಮಿಕ, ಆದರೂ ಅದು ನನಗೆ ಬಹಳ ಇಷ್ಟ. ಬಂದರಿನ ಬದಿಯಲ್ಲಿ ಹಾದುಹೋಗುವಾಗಲೆಲ್ಲ ಎಷ್ಟು ದಿನ ಆಯಿತು, ಎಷ್ಟು ಉಳಿಯಿತು ಎಂದು ದೋಣಿಗಳೇ ನೆನಪಿಸುತ್ತವೆ.

ಕೇಳಲು ಕಲಿಯಿರಿ

ನಮ್ಮ ಕಡೆಯವರಿಗೆ ದಾಕ್ಷಿಣ್ಯ ಜಾಸ್ತಿ. ಗೊತ್ತಿಲ್ಲವೆಂದು ಹೇಳಿಕೊಳ್ಳಲು ಸಂಕೋಚ, ಹಿರಿಯರ ಹೊತ್ತು ಹಾಳು ಮಾಡುತ್ತೇವೇನೋ ಎಂಬ ಅಳುಕು. ಇದರಿಂದ ಎಷ್ಟೋ ಜಾಣರು ವರ್ಷಗಟ್ಟಲೆ ಒಂದೇ ಕುರ್ಚಿಯಲ್ಲಿ ಉಳಿದುಬಿಡುತ್ತಾರೆ.

ಕೇಳುವುದಕ್ಕೂ ಒಂದು ರೀತಿಯಿದೆ. "ಸರ್, ನನಗೆ ತೇರೀಜು ಹೇಳಿಕೊಡಿ" ಎಂದರೆ ಯಾವ ಹಿರಿಯರಿಗೂ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುವುದಿಲ್ಲ. "ಆಮೇಲೆ ನೋಡೋಣ" ಎನ್ನುತ್ತಾರೆ, ಆ ಆಮೇಲೆ ಬರುವುದಿಲ್ಲ. ಬದಲಿಗೆ, ನಿಮ್ಮ ಪುಟವನ್ನು ಕೈಯಲ್ಲಿ ಹಿಡಿದು ಹೋಗಿ: "ಸರ್, ಮೂರು ದಿನದಿಂದ 270 ರೂಪಾಯಿ ತಾಳೆಯಾಗುತ್ತಿಲ್ಲ. ಕೂಡಿಕೆಯನ್ನು ಎರಡು ಸಲ ಪರೀಕ್ಷಿಸಿದ್ದೇನೆ. ಇನ್ನು ಎಲ್ಲಿ ನೋಡಲಿ?" ನಾನು ಹೀಗೆ ಕೇಳಿದ್ದು ನನ್ನನ್ನು ದಾಟಿ ಆ ಹುದ್ದೆಗೆ ಬಂದವರನ್ನೇ. ಒಂದು ತಿಂಗಳು ಮಾತು ಬಿಟ್ಟವಳು ಅವರ ಮೇಜಿನ ಮುಂದೆ ನಿಲ್ಲುವುದು ಸುಲಭವಿರಲಿಲ್ಲ. ಅವರು ಪುಟ ನೋಡಿ, "ಒಂಬತ್ತರಿಂದ ಭಾಗಿಸಿ ನೋಡಿದಿರಾ?" ಎಂದರು. ಅಷ್ಟೇ ಮಾತು. ಮೇಲೆ ಬರೆದ ಜಮಾ ಸಾಲು ಬಂದದ್ದು ಅಲ್ಲಿಂದ. ಆಮೇಲೆ ಅವರೇ ನನಗೆ ಹೆಚ್ಚು ಕಲಿಸಿದವರಾದರು.

ವಾರಕ್ಕೆ ಒಂದು ಪ್ರಶ್ನೆ ಸಾಕು. ಕೇಳಿದ ಮೇಲೆ ಎರಡು ದಿನ ಬಿಟ್ಟು ಹೋಗಿ, "ನೀವು ಹೇಳಿದ ಹಾಗೆ ಮಾಡಿದೆ, ಸಿಕ್ಕಿತು" ಎಂದು ತಿಳಿಸಿ. ಹೇಳಿಕೊಟ್ಟ ಮಾತು ಕೆಲಸಕ್ಕೆ ಬಂತೆಂದು ಗೊತ್ತಾದವರು ಮುಂದಿನ ಸಲ ತಾವಾಗಿ ಕರೆದು ಹೇಳುತ್ತಾರೆ.

ಬಾಯಿಬಿಟ್ಟು ಹೇಳುವ ಅಭ್ಯಾಸ

ಯಕ್ಷಗಾನ ಮೇಳಗಳ ತಿರುಗಾಟ ಮಳೆ ಹಿಡಿದಾಗ ನಿಲ್ಲುತ್ತದೆ; ತಾಳಮದ್ದಳೆಗಳು ಶುರುವಾಗುತ್ತವೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳಿದ ಮೇಲೆ ಅರ್ಥಧಾರಿ ತನ್ನ ಮಾತಿನಿಂದಲೇ ಕೃಷ್ಣನೋ ಕರ್ಣನೋ ಆಗಬೇಕು, ಎದುರಿನವರು ಎಸೆದ ಪ್ರಶ್ನೆಗೆ ಅಲ್ಲಿಯೇ ಉತ್ತರಿಸಬೇಕು. ಚಿಕ್ಕಂದಿನಲ್ಲಿ ನಮ್ಮೂರ ದೇವಸ್ಥಾನದ ಚಂದ್ರಶಾಲೆಯಲ್ಲಿ ಕಂಬಕ್ಕೊರಗಿ ಇಂಥವನ್ನು ಕೇಳಿದ್ದೇನೆ. ಎದುರಾಳಿ ಮಾತನಾಡುವಾಗ ಒಳ್ಳೆಯ ಅರ್ಥಧಾರಿ ತನ್ನ ಮುಂದಿನ ಮಾತನ್ನು ಹೊಸೆಯುತ್ತ ಕೂರುತ್ತಿರಲಿಲ್ಲ. ಕಿವಿಗೊಟ್ಟು ಕೇಳುತ್ತಿದ್ದ, ಆ ಮಾತಿನೊಳಗಿಂದಲೇ ತನ್ನ ಉತ್ತರವನ್ನು ಎತ್ತುತ್ತಿದ್ದ.

ಸಭೆಯಲ್ಲಿ ನಾಲಗೆ ಒಣಗುವವರಿಗೆ ನಾನು ಈ ಸಾಧನೆಯನ್ನು ಹೇಳುತ್ತೇನೆ. ವಾರಕ್ಕೆ ಎರಡು ರಾತ್ರಿ, ಆ ವಾರ ಕಲಿತ ಒಂದು ಸಂಗತಿಯನ್ನು ಅದರ ಗಂಧವೇ ಇಲ್ಲದವರಿಗೆ ವಿವರಿಸುವಂತೆ ಮೂರು ನಿಮಿಷ ಗಟ್ಟಿಯಾಗಿ ಹೇಳಿ, ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ. ಮರುದಿನ ಕೇಳಿ. ಮೊದಲ ಸಲ ನಿಮ್ಮ ಧ್ವನಿ ನಿಮಗೇ ಹಿಡಿಸುವುದಿಲ್ಲ, ಎಲ್ಲರಿಗೂ ಹಾಗೆಯೇ. ಎಲ್ಲಿ "ಅದು, ಅದು" ಎಂದು ಎಳೆದಿರಿ ಎಂದು ಗುರುತಿಸಿ; ಬಹಳ ಸಲ ಅಲ್ಲಿ ಕೊರತೆಯಿರುವುದು ಮಾತಿಗಿಂತ ತಿಳಿವಳಿಕೆಯಲ್ಲಿ. ಕನ್ನಡದಲ್ಲಿ ಸರಾಗವಾದ ಮೇಲೆ ಅದೇ ಸಂಗತಿಯನ್ನು ಇಂಗ್ಲಿಷಿನಲ್ಲಿ ಹೇಳಿ ನೋಡಿ. ಕಾರವಾರದಲ್ಲಿ ಜನರ ನಡುವೆ ಕೆಲಸ ಮಾಡುವವರಾದರೆ ಕೊಂಕಣಿಯಲ್ಲಿಯೂ ಹೇಳಲು ಕಲಿಯಿರಿ. ಠೇವಣಿ ಇಡಲು ಬಂದ ಅಜ್ಜಿಗೆ ಅವರ ಮಾತಿನಲ್ಲಿ ಬಡ್ಡಿ ವಿವರಿಸಿದ ಹುಡುಗಿಯೊಬ್ಬಳನ್ನು ಹುಡುಕಿಕೊಂಡು ಜನ ಬರುವುದನ್ನು ನಮ್ಮ ಕೌಂಟರಿನಲ್ಲಿಯೇ ನೋಡುತ್ತಿದ್ದೇನೆ.

ನಿದ್ದೆಯನ್ನು ಮಾತ್ರ ಕತ್ತರಿಸಬೇಡಿ. ಹಗಲು ಕಲಿತದ್ದು ನೆಲೆಗೊಳ್ಳುವುದು ನಿದ್ದೆಯಲ್ಲಿ. ನಿದ್ದೆಗೆಟ್ಟು ಓದಿದ್ದು ಮರುದಿನದ ಕೆಲಸದಲ್ಲಿ ತಪ್ಪಾಗಿ ಹೊರಬೀಳುತ್ತದೆ.

ಆಗಸ್ಟ್ 5ರಂದು

ಒಂದು ಗಂಟೆ ಬಿಡುವು ಮಾಡಿಕೊಂಡು ನೋಟ್‌ಬುಕ್ಕನ್ನು ಮೊದಲ ಪುಟದಿಂದ ಒಂದೇ ಕೂರಿಕೆಯಲ್ಲಿ ಓದಿ. ಜೂನ್‌ನಲ್ಲಿ ಮೂರು ದಿನ ಹಿಡಿದ ಕೆಲಸ ಜುಲೈಯಲ್ಲಿ ಅರ್ಧ ಗಂಟೆಗೆ ಮುಗಿದಿರುವುದು ಅಲ್ಲಿಯೇ ಕಾಣುತ್ತದೆ. ಜಮಾ ಸಾಲುಗಳಲ್ಲಿ ಗಟ್ಟಿಯಾದ ಐದನ್ನು ಆರಿಸಿ ಒಂದು ಹಾಳೆಗೆ ಇಳಿಸಿ. "ತೇರೀಜು ಕಲಿತಿದ್ದೇನೆ" ಎನ್ನುವುದಕ್ಕಿಂತ "ಹಳೆಯ ವರ್ಷದ ಎರಡು ತಿಂಗಳ ಕಿರ್ದಿಯಿಂದ ತೇರೀಜು ತೆಗೆದು ಅಸಲಿನೊಡನೆ ತಾಳೆ ಮಾಡಿದ್ದೇನೆ" ಎಂದು ಬರೆಯಿರಿ. ವಾರ್ಷಿಕ ಮೌಲ್ಯಮಾಪನಕ್ಕೂ, ಹೊಸ ಕೆಲಸದ ಅರ್ಜಿಗೂ, ಸಂದರ್ಶನದಲ್ಲಿ "ನಿಮಗೇನು ಬರುತ್ತದೆ" ಎಂದು ಕೇಳಿದಾಗಲೂ ಈ ಹಾಳೆ ಕೈಗೆ ಬರುತ್ತದೆ.

ಆಮೇಲೆ ಮೇಲಿನವರ ಬಳಿ ಹೋಗಿ. ಹುದ್ದೆ ಕೇಳಬೇಡಿ, ಕೆಲಸ ಕೇಳಿ. ನಾನು ಕೇಳಿದ್ದು ಇಷ್ಟು: "ಸೆಪ್ಟೆಂಬರ್ ಕೊನೆಯ ಅರ್ಧವಾರ್ಷಿಕ ತೇರೀಜನ್ನು ಈ ಸಲ ನಾನು ತೆಗೆಯಲೇ? ಸರ್ ಪರೀಕ್ಷಿಸಿ ಸಹಿ ಹಾಕಲಿ." ವ್ಯವಸ್ಥಾಪಕರು ಸ್ವಲ್ಪ ಹೊತ್ತು ನನ್ನನ್ನು ನೋಡಿ ಒಪ್ಪಿದರು. ಸೆಪ್ಟೆಂಬರ್ 30ರ ರಾತ್ರಿ ಎಂಟೂವರೆಗೆ ಎರಡೂ ಬದಿಯ ಮೊತ್ತ ಒಂದೇ ಆಗಿ ಬಂತು. ಬಡ್ತಿ ಸಿಕ್ಕಿದ್ದು ಅದಾಗಿ ಎರಡು ವರ್ಷದ ಮೇಲೆ. ಆ ಎರಡು ವರ್ಷಗಳಲ್ಲಿ ನಾನು ಆ ಕೆಲಸವನ್ನು ಮಾಡುತ್ತಲೇ ಇದ್ದೆ, ಹಾಗಾಗಿ ಆದೇಶ ಕೈಗೆ ಬಂದ ದಿನ ಹೊಸದಾಗಿ ಕಲಿಯಬೇಕಾದದ್ದು ಹೆಚ್ಚೇನೂ ಇರಲಿಲ್ಲ.

ಕೊಳೆ ಔಷಧಿಯನ್ನು ಒಂದು ಸಲ ಹೊಡೆದರೆ ಮುಗಿಯುವುದಿಲ್ಲ. 40ರಿಂದ 45 ದಿನದ ನಂತರ ಎರಡನೆಯ ಸಲ ಹೊಡೆಯಬೇಕು. ನೋಟ್‌ಬುಕ್ಕನ್ನೂ ಸೆಪ್ಟೆಂಬರ್ ಮಧ್ಯದಲ್ಲಿ ಒಮ್ಮೆ ತೆರೆದು, ಕಲಿತ ಕೆಲಸವನ್ನು ಪುಸ್ತಕ ನೋಡದೆ ಪುನಃ ಮಾಡಿ. ಚಾಕುವಿನ ಪರೀಕ್ಷೆ ಅಲ್ಲಿಯೂ ನಡೆಯಲಿ. ವರ್ಷದ ಉಳಿದ ತಿಂಗಳುಗಳಲ್ಲಿ ದಿನವೂ ಕೂರಲಾಗದಿದ್ದರೆ ವಾರಕ್ಕೊಂದು ಪುಟವಾದರೂ ಇರಲಿ.

ನನ್ನ ಕಪಾಟಿನಲ್ಲಿ ಈಗ 16 ನೋಟ್‌ಬುಕ್ಕುಗಳಿವೆ. ಹದಿನೇಳನೆಯದನ್ನು ತಂದಿಟ್ಟಿದ್ದೇನೆ. ನಮ್ಮ ಸದಸ್ಯರಿಗೆ ವಂಚಕರ ಫೋನ್ ಕರೆಗಳು ಬರುವುದು ಹೆಚ್ಚಾಗಿದೆ. ಹಣ ಕಳೆದುಕೊಂಡವರು ಅಳುತ್ತ ನಮ್ಮ ಬಾಗಿಲಿಗೆ ಬರುತ್ತಾರೆ. ಜೂನ್ 1ರ ಪುಟದ ಮೊದಲ ಸಾಲನ್ನು ಆಗಲೇ ಬರೆದಿದ್ದೇನೆ. ಆರಂಭ ಶಿಲ್ಕು: ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿಸಬೇಕೆಂದು ಗೊತ್ತು, ಅದರ ಮುಂದಿನ ಹೆಜ್ಜೆ ಒಂದೂ ಗೊತ್ತಿಲ್ಲ.